ಎತ್ತಿನ ಹೆಜ್ಜೆ, ಆನೆಯ ಹೆಜ್ಜೆ

ಪ್ರಾಣಿಗಳಿಗೆ ಹೆಸರಿಡುವಾಗ ನಮ್ಮ ಪೂರ್ವಿಕರು ಅನೇಕ ವೇಳೆ ಅವುಗಳ ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೋಡದೆ ನಡೆಯನ್ನೇ ನೋಡಿದರು. ಎದೆಯಿಂದ ಸರಿಯುವುದು ಉರಗ. ಕಾಲಿನಿಂದ ನಡೆಯದಿರುವುದು ಪನ್ನಗ. ತ್ವರೆಯಿಂದ ಹೋಗುವುದು ತುರಗ. ನೆಗೆನೆಗೆದು ಹೋಗುವುದು ಪ್ಲವಗ. ಅಮರಸಿಂಹನು ತನ್ನ ಕೋಶದಲ್ಲಿ ಕುದುರೆಯ ಗತಿಗಳನ್ನು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದಾಗಿ ಎಣಿಸಿದ್ದಾನೆ. ‘ಗೋ’ ಎಂಬ ಶಬ್ದವನ್ನಂತೂ ಹೋಗುವುದೆಂಬ ಅರ್ಥವುಳ್ಳ ಧಾತುವಿನಿಂದಲೇ ಸಾಧಿಸುವುದು ಶಾಸ್ತ್ರಜ್ಞರ ವಾಡಿಕೆ. ಆ ಶಬ್ದಕ್ಕೆ ಹಸು ಎಂದೂ ಅರ್ಥವುಂಟು, ಭೂಮಿ ಎಂದೂ ಅರ್ಥವುಂಟು. ಪ್ರಾಣಿಯ ನಡೆಯೆಂಬುದು ಅದರ ಶರೀರಕ್ಕೂ ಅದು ತುಳಿಯುವ ನೆಲಕ್ಕೂ ನಡುವಣ ಒಂದು ಒಪ್ಪಂದವಾದುದರಿಂದ, ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಸೇರಿರುವುದು ನಮಗೆ ಬಹಳ ಉಚಿತವಾಗಿಯೇ ತೋರುತ್ತದೆ.

ಆದರೆ ಬಾಗಿಲಲ್ಲಿ ಹಸುವನ್ನು ಕಟ್ಟಿಕೊಂಡಿರುವ ನಮ್ಮಲ್ಲಿ ಎಷ್ಟು ಮಂದಿ, ಆ ಹಸು ಯಾವ ಕಾಲಾದಮೇಲೆ ಯಾವ ಕಾಲನ್ನು ಎತ್ತಿಡುತ್ತದೆಂದು ತಡೆಯದೆ ಹೇಳಬಲ್ಲೆವು? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಮ್ಮ ನಿಡಘಟ್ಟದಂತಹ ಊರುಗಳಲ್ಲಿ ಸಂಸಾರದ ಆದಾಯದ ಒಂದು ಭಾಗ ಈ ನಾಲ್ಕು ಕಾಲುಗಳ ಮೇಲೆಯೇ ನಿಂತಿದೆ. ಗೆಜ್ಜಲಗೆರೆಯ ಡೇರಿಗೆ ಹಾಲು ಹೋಗಬೇಕಾದರೆ ಹಸು ನೆಟ್ಟಗೆ ನಿಂತು ಮೇಯಬೇಕು. ಗಾಡಿ ಸಾಗಬೇಕಾದರೆ ಎತ್ತು ನೋವಿಲ್ಲದೆ ಹೆಜ್ಜೆಯಿಡಬೇಕು. ನಡೆಯನ್ನು ಓದಬಲ್ಲವನು ಕೇಡು ಸಣ್ಣದಾಗಿರುವಾಗಲೇ ಅದನ್ನು ಕಂಡುಹಿಡಿಯುವನು. ಓದಲಾರದವನು ಪ್ರಾಣಿಯು ಮಲಗಿಬಿಟ್ಟ ಮೇಲೆ ವೈದ್ಯನನ್ನು ಹುಡುಕುವನು.

ಮೊದಲು ಸಾಮಾನ್ಯವಾದ ನಡೆಯನ್ನು ನೋಡೋಣ. ಮೆಲ್ಲನೆ ನಡೆಯುವ ಹಸುವು ಎಡಗಡೆಯ ಹಿಂಗಾಲು, ಎಡಗಡೆಯ ಮುಂಗಾಲು, ಬಲಗಡೆಯ ಹಿಂಗಾಲು, ಬಲಗಡೆಯ ಮುಂಗಾಲು ಎಂಬ ಕ್ರಮದಲ್ಲಿ ಹೆಜ್ಜೆಯಿಡುತ್ತದೆ. ಹಿಂಗಾಲು ಬಂದು ಊರುವ ಹೊತ್ತಿಗೆ ಅದೇ ಪಕ್ಕದ ಮುಂಗಾಲು ಎದ್ದು ಸ್ಥಳ ಬಿಟ್ಟುಕೊಡುವುದು. ಹಾಗಾಗಿ ಹಿಂಗಾಲಿನ ಗುರುತು ಮುಂಗಾಲಿನ ಗುರುತಿನ ಹತ್ತಿರವೋ ಅದರ ಮೇಲೆಯೋ ಬೀಳುವುದು. ಶಿಂಷಾ ನದಿಯ ಒದ್ದೆ ಮರಳಿನಲ್ಲಿ ದನಗಳು ನೀರಿಗಿಳಿದ ದಾರಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಇಂತಹ ನಡೆಯಲ್ಲಿ ಯಾವ ಗಳಿಗೆಯಲ್ಲಿಯೂ ಎರಡು ಅಥವಾ ಮೂರು ಕಾಲುಗಳು ನೆಲದ ಮೇಲೆ ಇದ್ದೇ ಇರುವುವು. ವೇಗ ಹೆಚ್ಚಿ ಕುಕ್ಕುಲೋಟಕ್ಕೆ ಬಂದಾಗ ಒಂದು ಮೂಲೆಯ ಮುಂಗಾಲೂ ಎದುರು ಮೂಲೆಯ ಹಿಂಗಾಲೂ ಜೊತೆಯಾಗಿ ಏಳುವುವು. ಇನ್ನೂ ಹೆಚ್ಚಿದರೆ ಬರುವುದು ನಾಗಾಲೋಟ. ನಾಲ್ಕು ಕಾಲಿನ ಓಟವೆಂಬುದೇ ಆ ಮಾತಿನ ಅರ್ಥ.

ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆಯಾದರೂ ನೆಲವನ್ನು ಬಿಡುತ್ತವೆಯೇ ಎಂಬುದು ಬಹುಕಾಲ ವಿವಾದವಾಗಿತ್ತು. ಪೂರ್ವಕಾಲದ ಚಿತ್ರಕಾರರು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಕುದುರೆಯನ್ನು ಗಾಳಿಯಲ್ಲಿ ತೇಲಿಸಿ ಬರೆಯುತ್ತಿದ್ದರು. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು ಓಟದ ದಾರಿಯ ಪಕ್ಕದಲ್ಲಿ ಕ್ಯಾಮರಾಗಳನ್ನು ಸಾಲಾಗಿ ಹೂಡಿ, ಓಡುವ ಕುದುರೆಯ ಒಂದೊಂದು ಕ್ಷಣವನ್ನೂ ಬೇರೆ ಬೇರೆಯಾಗಿ ಹಿಡಿದನು. ನಾಲ್ಕು ಕಾಲೂ ನೆಲವನ್ನು ಬಿಡುವುದು ನಿಜವೆಂದು ಆಗ ಸಿದ್ಧವಾಯಿತು. ಆದರೆ ಅದು ಕಾಲು ಚಾಚಿದಾಗ ಅಲ್ಲ. ನಾಲ್ಕನ್ನೂ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ! ಕಣ್ಣೆದುರಿಗೇ ನಿತ್ಯವೂ ನಡೆಯುವುದನ್ನು ಸಹ ಕಣ್ಣು ತಪ್ಪಾಗಿ ಕಾಣಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಕಾಲಿನ ರಚನೆಯನ್ನು ವಿಚಾರಿಸೋಣ. ಹಸುವಿನ ಹಿಂಗಾಲಿನ ನಡುವೆ ಹಿಂದಕ್ಕೆ ಮಡಿಯುವ ಗಂಟನ್ನು ಮಂಡಿಯೆಂದು ಹಲವರು ಭಾವಿಸುವರು. ವಾಸ್ತವದಲ್ಲಿ ಅದು ಹಿಮ್ಮಡಿ. ನಿಜವಾದ ಮಂಡಿ ಮೇಲೆ ಹೊಟ್ಟೆಯ ಪಕ್ಕದಲ್ಲಿರುವುದು. ಮುಂಗಾಲಿನಲ್ಲಿ ನಾವು ಮಂಡಿಯೆನ್ನುವುದು ನಮ್ಮ ಕೈಯ ಮಣಿಕಟ್ಟಿಗೆ ಸಮನಾದುದು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರು ಬಣ್ಣದ ಕೊಕ್ಕರೆಗಳು ಮಂಡಿಯನ್ನು ಹಿಂದುಮುಂದಾಗಿ ಮಡಚುವುವೆಂದು ಮಕ್ಕಳಿಗೆ ತೋರಿಸುವುದುಂಟು. ಅಲ್ಲಿಯೂ ಮಡಿಯುವುದು ಹಿಮ್ಮಡಿಯ ಗಂಟೇ. ಮಂಡಿಯು ಗರಿಗಳೊಳಗೆ ಮರೆಯಾಗಿದೆ.

ಮನುಷ್ಯನೂ ಕರಡಿಯೂ ಅಂಗಾಲನ್ನು ಪೂರ್ತಿ ಊರಿ ನಡೆಯುವರು. ನಾಯಿ, ಬೆಕ್ಕು, ಚಿರತೆಗಳು ಬೆರಳುಗಳ ಮೇಲೆ ನಡೆಯುವುವು. ಹಸು, ಕುರಿ, ಜಿಂಕೆಗಳು ಉಗುರಿನ ಮೇಲೆಯೇ ನಡೆಯುವುವು. ವಾಚಕರು ತಮ್ಮ ಕೈಯನ್ನು ಮೇಜಿನ ಮೇಲೆ ನಿಲ್ಲಿಸಿ, ನಡುಬೆರಳು ಮತ್ತು ಉಂಗುರಬೆರಳುಗಳ ತುದಿಯನ್ನು ಮಾತ್ರ ಊರಿ ನೋಡಲಿ; ಸೀಳುಗೊರಸಿನ ಪ್ರಾಣಿಗಳು ನಿಂತಿರುವ ಬಗೆ ಅದೇ. ಕುದುರೆಯು ನಡುಬೆರಳೊಂದರ ಮೇಲೆಯೇ ನಿಂತಿದೆ. ಹೀಗೆ ನಿಲ್ಲುವುದರಿಂದ ಕಾಲು ಉದ್ದವಾಗುವುದು. ದಪ್ಪವಾದ ಮಾಂಸಖಂಡಗಳೆಲ್ಲ ಮೇಲೆ ತೊಡೆ ಹೆಗಲುಗಳಲ್ಲಿ ಉಳಿದು, ಕೆಳಗೆ ಮೂಳೆಯೂ ಸ್ನಾಯುರಜ್ಜುಗಳೂ ಮಾತ್ರ ಇರುವುದರಿಂದ ಕಾಲಿನ ತುದಿ ಹಗುರವಾಗುವುದು. ಉದ್ದನೆಯ ಕೋಲಿನ ತುದಿಗೆ ಕಲ್ಲು ಕಟ್ಟಿ ಬೀಸುವುದು ಕಷ್ಟ, ಬರಿಯ ಕೋಲನ್ನು ಬೀಸುವುದು ಸುಲಭ. ಅಲ್ಲದೆ ಆ ರಜ್ಜುಗಳು ಬಿಲ್ಲಿನ ಹೆದೆಯಂತೆ ಕೆಲಸಮಾಡುವುವು. ಓಡುವಾಗ ಪಾದ ಊರಿದೊಡನೆ ಎಳೆದುಕೊಂಡು, ಏಳುವಾಗ ಆ ಬಲವನ್ನು ಹಿಂದಕ್ಕೆ ಕೊಡುವುವು.

ಇನ್ನೊಂದು ಚಮತ್ಕಾರವುಂಟು. ನಮಗೆ ಕುತ್ತಿಗೆಯ ಕೆಳಗೆ ಎದೆಗೂ ಹೆಗಲಿಗೂ ನಡುವೆ ಅಡ್ಡಲಾಗಿರುವ ಎಲುಬು ಹಸುವಿಗೂ ಕುದುರೆಗೂ ಇಲ್ಲ. ಅವುಗಳ ಮುಂಗಾಲುಗಳಿಗೆ ಬೆನ್ನೆಲುಬಿನೊಡನೆ ಮೂಳೆಯ ಸಂಬಂಧವೇ ಇಲ್ಲ. ಎದೆಯ ಗೂಡು ಎರಡು ಹೆಗಲುಗಳ ನಡುವೆ ಮಾಂಸಖಂಡಗಳ ತೊಟ್ಟಿಲಲ್ಲಿ ತೂಗುತ್ತಿದೆ. ಶರೀರದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಮುಂಗಾಲುಗಳ ಮೇಲೆ ಬೀಳುವುದರಿಂದ ಈ ತೊಟ್ಟಿಲು ಪ್ರತಿ ಹೆಜ್ಜೆಯ ಏಟನ್ನೂ ತಗ್ಗಿಸುತ್ತದೆ. ಹಿಂಗಾಲುಗಳಾದರೋ ಸೊಂಟದ ಮೂಳೆಗೆ ಭದ್ರವಾಗಿ ಕೂಡಿಕೊಂಡಿವೆ, ಏಕೆಂದರೆ ದೇಹವನ್ನು ಮುಂದಕ್ಕೆ ನೂಕುವ ಕೆಲಸ ಮುಖ್ಯವಾಗಿ ಅವುಗಳದು.

ಗೋಡೆಯ ಗಡಿಯಾರದ ಲೋಲಕವನ್ನು ತಲೆಕೆಳಗು ಮಾಡಿ ಊಹಿಸಿಕೊಂಡರೆ ನಡೆಯ ತತ್ತ್ವ ತಿಳಿಯುವುದು. ಊರಿದ ಕಾಲಿನ ಮೇಲೆ ದೇಹವು ಏರಿ ಇಳಿಯುವಾಗ, ಏರುವಲ್ಲಿ ಕಳೆದುಕೊಂಡ ವೇಗವನ್ನು ಇಳಿಯುವಲ್ಲಿ ಹಿಂದಕ್ಕೆ ಪಡೆಯುವುದು. ಹೀಗಾಗಿ ಪ್ರತಿ ಪ್ರಾಣಿಗೂ ಅದರ ಕಾಲಿನ ಉದ್ದಕ್ಕೆ ಒಪ್ಪುವ ಒಂದು ನಡೆಯುಂಟು. ಆ ನಡೆಯಲ್ಲಿ ಆಯಾಸವು ಅತ್ಯಲ್ಪ. ಹಾಯ್ಟ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಸಣ್ಣ ಕುದುರೆಗಳು ಸೇವಿಸುವ ಪ್ರಾಣವಾಯುವನ್ನು ಅಳೆದು, ನಡೆ, ಕುಕ್ಕುಲೋಟ, ನಾಗಾಲೋಟಗಳಲ್ಲಿ ಪ್ರತಿಯೊಂದಕ್ಕೂ ಮಿತವ್ಯಯದ ವೇಗವೊಂದಿದೆಯೆಂದೂ, ಕುದುರೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಆ ವೇಗಗಳನ್ನೇ ಆರಿಸಿಕೊಳ್ಳುವುದೆಂದೂ ೧೯೮೧ರಲ್ಲಿ ತೋರಿಸಿದರು. ಚಾವಟಿಯಿಂದ ಅದನ್ನು ಬೇರೊಂದು ವೇಗಕ್ಕೆ ತಳ್ಳುವ ಸವಾರನು ಹುಲ್ಲು ಹುರುಳಿಗಳನ್ನು ದಾರಿಯಲ್ಲಿ ಚೆಲ್ಲಿದಂತೆಯೇ ಸರಿ.

ನಮ್ಮ ಸೀಮೆಯ ಹಳ್ಳಿಕಾರ್ ದನದ ಹಿರಿಮೆಯು ಈ ನಡೆಯಲ್ಲಿಯೇ ಇದೆ. ಬಿಗಿಯಾದ ಮೈ, ಸಣ್ಣಗೆ ನೀಳವಾದ ಕಾಲು, ಗಟ್ಟಿಯಾಗಿ ಕೂಡಿಕೊಂಡ ಗೊರಸು, ಇವೆಲ್ಲ ಒಣನೆಲದ ಮೇಲೆ ಬೇಗನೆ ನಡೆಯಲು ತಕ್ಕ ಸಾಮಗ್ರಿಗಳು. ಕೆಸರುಗದ್ದೆಗೆ ಎಮ್ಮೆ ಕೋಣಗಳ ಅಗಲವಾದ ಗೊರಸೇ ವಾಸಿ. ಗಟ್ಟಿದಾರಿಗೆ ಹಳ್ಳಿಕಾರ್ ಎತ್ತಿಗೆ ಸಮನಿಲ್ಲ. ಹಳ್ಳಿಕಾರಿನ ನಂಟುಳ್ಳ ಅಮೃತಮಹಲ್ ತಳಿಯ ಚರಿತ್ರೆಯು ಇದಕ್ಕೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆಂದಿದ್ದ ಅರಮನೆಯ ಗೋಸಂಪತ್ತಿಗೆ ಟಿಪ್ಪೂ ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ಈ ಎತ್ತುಗಳು ಫಿರಂಗಿ ಸಾಮಾನುಗಳನ್ನು ಎಳೆದುದರಿಂದಲೇ ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋಗಲು ಸಾಧ್ಯವಾಯಿತೆಂದು ಹಳೆಯ ಬರೆಹಗಳಲ್ಲಿ ಹೇಳಿದೆ.

ಆದರೆ ಎಂತಹ ಎತ್ತಿಗೂ ಮಿತಿಯುಂಟು. ಹೊತ್ತುಗಟ್ಟಲೆ ದುಡಿಯುವ ಎತ್ತು ತನ್ನ ತೂಕದ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಬಲದಿಂದ ಎಳೆಯಬಲ್ಲುದು. ಒಂದೊಂದು ಎತ್ತು ೩೫೦ ಕಿಲೋ ತೂಗುವುದೆಂದಿಟ್ಟುಕೊಳ್ಳೋಣ. ಜೋಡಿಯು ನಿರಾಯಾಸವಾಗಿ ಎಳೆಯಬಲ್ಲುದು ೭೦ ಕಿಲೋ ಭಾರದಷ್ಟು ಬಲದಿಂದ. ಗಾಡಿಯೂ ಹೇರೂ ಕೂಡಿ ೧,೦೦೦ ಕಿಲೋ ಆಗಿದ್ದು, ದಾರಿಯು ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಏರುತ್ತಿದ್ದರೆ, ಆ ಏರಿಗಾಗಿಯೇ ೫೦ ಕಿಲೋ ಖರ್ಚಾಗುವುದು. ಚಕ್ರದ ಉರುಳಿಗೆ ಉಳಿಯುವುದು ೨೦ ಮಾತ್ರ. ಸಮನೆಲದ ಮೇಲೆ ಹಗುರವಾಗಿ ಕಂಡ ಕಬ್ಬಿನ ಹೇರು ಸಣ್ಣ ಏರಿನಲ್ಲಿ ಎತ್ತನ್ನು ಮಂಡಿಯೂರಿಸುವುದೇಕೆಂದು ಈ ಲೆಕ್ಕದಿಂದ ತಿಳಿಯುವುದು. ಎತ್ತು ಮೊಂಡುಬಿದ್ದಿತೆಂದು ಬಾರುಕೋಲನ್ನು ಎತ್ತುವವನು ಮೊದಲು ಈ ಲೆಕ್ಕವನ್ನು ಮಾಡಲಿ.

ಹೇರನ್ನು ಇಡುವ ಬಗೆಯೂ ಮುಖ್ಯ. ಎರಡು ಚಕ್ರದ ಗಾಡಿಯು ಅಚ್ಚಿನ ಮೇಲೆ ನಿಂತ ತಕ್ಕಡಿ. ಭಾರವು ಮುಂದಾದರೆ ನೊಗವು ಕುತ್ತಿಗೆಯನ್ನು ಅದುಮುವುದು. ಹಿಂದಾದರೆ ನೊಗವು ಮೇಲೆದ್ದು ಕೊರಳಿನ ಪಟ್ಟಿಯು ಉಸಿರುಗಟ್ಟಿಸುವುದು. ನೊಗವು ಕೂರುವುದು ಹಿಣಿಲಿನ ಮುಂದೆ, ಅಂಗೈಯಗಲದ ಜಾಗದಲ್ಲಿ. ಎಳೆತವೆಲ್ಲವೂ ಆ ಸಣ್ಣ ಜಾಗದಲ್ಲಿಯೇ ಬೀಳುವುದರಿಂದ ಒರಟಾದ ನೊಗವು ಹುಣ್ಣು ಮಾಡುವುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ನೊಗವನ್ನೂ ಗಾಡಿಯನ್ನೂ ಸುಧಾರಿಸಬೇಕೆಂದು ಬಹುಕಾಲ ವಾದಿಸಿದರು. ದೊಡ್ಡ ದೊಡ್ಡ ಯಂತ್ರಗಳ ಯೋಚನೆಯಲ್ಲಿ ಮುಳುಗಿದ ದೇಶಕ್ಕೆ ಎತ್ತಿನ ಹೆಗಲನ್ನು ನೆನಪು ಮಾಡಿಕೊಟ್ಟ ವಿದ್ವಾಂಸರಲ್ಲಿ ಅವರು ಅಗ್ರಗಣ್ಯರು. ೧೯೬೫ರ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚಾಗಲಿ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚಾಗಲಿ ದುಡಿಸಕೂಡದೆಂದು ವಿಧಿಸಿದೆ. ಈ ನಿಯಮವನ್ನು ಬಲ್ಲ ಗಾಡಿಯವರು ವಿರಳ.

ನೆಲವೂ ಈಚೆಗೆ ಬದಲಾಗಿದೆ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಕೆಲಸವನ್ನು ಎರಡು ಭಾಗ ಮಾಡಿದಾಗ, ಒಂದು ಮುಗಿದು ಇನ್ನೊಂದು ತೊಡಗಿದುದು ನಮ್ಮ ನಿಡಘಟ್ಟದಲ್ಲಿಯೇ. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೂ ಯಂತ್ರವಿಲ್ಲದ ಗಾಡಿಗಳಿಗೂ ಪ್ರವೇಶವನ್ನು ನಿಷೇಧಿಸಲಾಯಿತು. ಎತ್ತಿನ ಗಾಡಿಗೆ ಪಕ್ಕದ ರಸ್ತೆಯೇ ಗತಿ. ಮಣ್ಣಿನ ದಾರಿಯಲ್ಲಿ ಗೊರಸಿನ ಎರಡು ಹೋಳುಗಳೂ ಸ್ವಲ್ಪ ಅಗಲಿ ನೆಲವನ್ನು ಕಚ್ಚಿಕೊಳ್ಳುವುವು. ಟಾರು ಕಾಂಕ್ರೀಟುಗಳ ಮೇಲೆ ಕಚ್ಚಲು ಏನೂ ಸಿಕ್ಕದು, ಸವೆತವೂ ಹೆಚ್ಚು. ಸವೆತಕ್ಕೆ ಲಾಳವನ್ನು ಕಟ್ಟಿಸುವೆವು. ಆದರೆ ನುಣುಪಾದ ನೆಲದ ಮೇಲೆ ಕಬ್ಬಿಣವು ಇನ್ನೂ ಜಾರುವುದು. ಆದುದರಿಂದ ಮಳೆ ಬಿದ್ದ ರಸ್ತೆಯಲ್ಲಿ ಲಾಳ ಕಟ್ಟಿದ ಎತ್ತನ್ನು ಅವಸರಪಡಿಸುವುದು ಅಪಾಯ.

ಮನೆಯ ಪ್ರಾಣಿಗಳಿಂದ ಕಾಡಿನ ಕಡೆಗೆ ತಿರುಗೋಣ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಯ ಕಾಡು ನಮಗೆ ದೂರದ್ದೇನೂ ಅಲ್ಲ. ಅತ್ತಣಿಂದ ಆನೆಗಳು ಹೊಲಗದ್ದೆಗಳಿಗೆ ಬರುವುದು ಎಲ್ಲರೂ ಕೇಳಿದ ಸುದ್ದಿ. ಆನೆಯ ಕಾಲುಗಳು ಮಂಟಪದ ಕಂಬಗಳಂತೆ ನೆಟ್ಟಗಿವೆ. ಪ್ರಾಣಿಯ ಎತ್ತರವು ಇಮ್ಮಡಿಯಾದರೆ ತೂಕವು ಎಂಟುಮಡಿಯಾಗುವುದೆಂದೂ, ಮೂಳೆಯ ಅಡ್ಡಗಾತ್ರವು ನಾಲ್ಕುಮಡಿ ಮಾತ್ರ ಬೆಳೆಯುವುದೆಂದೂ, ಆದಕಾರಣ ದೊಡ್ಡ ಪ್ರಾಣಿಯ ಮೂಳೆ ಇನ್ನೂ ದಪ್ಪವಾಗಿರಬೇಕೆಂದೂ ಗೆಲಿಲಿಯೋ ೧೬೩೮ರಲ್ಲಿಯೇ ವಿವರಿಸಿದ್ದನು. ಭಾರವನ್ನು ಹೊರಲು ಬಾಗಿದ ಕಾಲಿಗಿಂತ ನೆಟ್ಟಗಿನ ಕಾಲೇ ಸಮರ್ಥವಾದುದು. ಅದಕ್ಕಾಗಿ ಆನೆ ತೆತ್ತ ಬೆಲೆಯೆಂದರೆ ನೆಗೆತ. ನಾಲ್ಕು ಕಾಲನ್ನೂ ಒಟ್ಟಿಗೆ ಎತ್ತಿ ಹಾರಲು ದೊಡ್ಡ ಆನೆಗೆ ಆಗದು. ಕಾಡಿನ ಅಂಚಿನಲ್ಲಿ ತೋಡುವ ಕಂದಕವು ಆನೆಯನ್ನು ತಡೆಯುವುದು ಈ ಕಾರಣದಿಂದ. ಮಳೆಯಿಂದ ಕಂದಕದ ಅಂಚು ಕುಸಿದು ಇಳಿಜಾರಾದರೆ ಆನೆಯು ಮೆಲ್ಲನೆ ಇಳಿದು ಹತ್ತಿಬಿಡುವುದು. ಕಂದಕವನ್ನು ತೋಡಿದರೆ ಸಾಲದು, ವರ್ಷವರ್ಷವೂ ಸರಿಮಾಡಬೇಕು.

ಆನೆ ಹಾರಲಾರದೆಂದು ಧೈರ್ಯಗೊಂಡು ಎದುರಿಗೆ ನಿಲ್ಲುವುದು ಸರ್ವಥಾ ಕೂಡದು. ಥಾಯ್ಲೆಂಡಿನ ಆನೆಗಳನ್ನು ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ವಿಚಾರದಂತೆ, ವೇಗವಾಗಿ ಹೋಗುವ ಆನೆಯ ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇರುವುದು, ಆದರೂ ಅದರ ವೇಗ ಗಂಟೆಗೆ ಸುಮಾರು ೨೪ ಕಿಲೋಮೀಟರನ್ನು ಮುಟ್ಟುವುದು. ಉಬ್ಬುತಗ್ಗಿನ ಹೊಲದಲ್ಲಿ ಗಾಬರಿಗೊಂಡು ಓಡುವ ಗೃಹಸ್ಥನಿಗೆ ಆ ವೇಗ ಬಾರದು. ಅಷ್ಟು ಭಾರದ ಪ್ರಾಣಿಯಾದರೂ ಸದ್ದಿಲ್ಲದೆ ನಡೆಯುವುದು, ಏಕೆಂದರೆ ಅದರ ಹಿಮ್ಮಡಿಯ ಕೆಳಗೆ ಮೆತ್ತನೆಯ ದಪ್ಪ ಕೊಬ್ಬಿನ ದಿಂಬಿದೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಆನೆಯ ಹೆಗಲಿನ ಎತ್ತರವು ಹೆಚ್ಚುಕಡಿಮೆ ಬರುವುದೆಂಬುದು ಮಾವುತರ ಹಳೆಯ ಲೆಕ್ಕ. ಗದ್ದೆಯಲ್ಲಿ ಹೆಜ್ಜೆ ಕಂಡವರು ಒಂದು ದಾರದಿಂದ ಅಳೆದರೆ, ಬಂದುದು ಮರಿಯೋ ದೊಡ್ಡಾನೆಯೋ ತಿಳಿಯುವುದು.

ನಮ್ಮ ಕಬ್ಬಿನ ಗದ್ದೆಗಳಲ್ಲಿ ಅಡಗುವ ಚಿರತೆಯದು ಇದಕ್ಕೆ ತೀರ ವಿರುದ್ಧವಾದ ಮೈಕಟ್ಟು. ಅದರ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚುವುದರಿಂದ ಒಂದೊಂದು ನೆಗೆತವೂ ಉದ್ದವಾಗುವುದು. ಉಗುರುಗಳು ಒಳಕ್ಕೆ ಸೇರಿಕೊಳ್ಳುವುದರಿಂದ ಸದ್ದಾಗದು, ಮೊನೆಯೂ ಸವೆಯದು. ಮುಂಗಾಲಿಟ್ಟು ನೋಡಿದ ಸ್ಥಳದಲ್ಲಿಯೇ ಹಿಂಗಾಲನ್ನೂ ಇಡುವುದರಿಂದ ತರಗೆಲೆ ಮುರಿಯದು. ಆದರೆ ಇಂತಹ ಓಟವು ಬಹು ದುಬಾರಿಯಾದುದು. ಕೆಲವು ಗಳಿಗೆಯಲ್ಲಿಯೇ ಮುಗಿಯುವುದು. ಅದಕ್ಕಾಗಿಯೇ ಅದು ಹೊಂಚುಹಾಕಿ ಸಮೀಪದಿಂದ ಎರಗುವುದು. ಊರಿನ ಅಂಚಿನಲ್ಲಿ ಪೊದೆಗಳನ್ನು ಸವರಿ ಬಯಲು ಮಾಡುವುದೂ, ರಾತ್ರಿ ಕುರಿ ಕರುಗಳನ್ನು ಬಾಗಿಲುಳ್ಳ ಕೊಟ್ಟಿಗೆಯಲ್ಲಿ ಕೂಡುವುದೂ ಅದರ ನಡೆಯನ್ನು ಅರಿತು ಮಾಡಿದ ಉಪಾಯಗಳೇ.

ಕಡೆಗೆ ನಮ್ಮ ಕೊಟ್ಟಿಗೆಗೆ ಹಿಂದಿರುಗೋಣ. ಕುದುರೆಯು ಏಳುವಾಗ ಮುಂಗಾಲನ್ನು ಮೊದಲು ಚಾಚಿ ಏಳುವುದು. ಹಸುವಾದರೋ ಮುಂಗಾಲಿನ ಮಂಡಿಯೂರಿ ಹಿಂಭಾಗವನ್ನು ಮೊದಲು ಎತ್ತುವುದು. ಹಾಗೆ ಎತ್ತಬೇಕಾದರೆ ತಲೆಯನ್ನು ರಭಸದಿಂದ ಮುಂದಕ್ಕೆ ಚಾಚಬೇಕು. ಅದಕ್ಕೆ ಮುಂದುಗಡೆ ಎರಡು ಮೊಳದಷ್ಟಾದರೂ ಬಯಲು ಬೇಕು. ಗೋದಲೆಯ ಗೋಡೆಗೆ ಮೂತಿ ತಾಗುವಂತೆ ಗಿಡ್ಡ ಹಗ್ಗದಿಂದ ಕಟ್ಟಿದ ಹಸುವು ಏಳಲು ಹೆಣಗಿ, ಕ್ರಮೇಣ ಮಲಗುವುದಕ್ಕೇ ಅಂಜುವುದು. ದಿನದಲ್ಲಿ ಹನ್ನೆರಡು ಗಂಟೆಯಷ್ಟು ಕಾಲ ಮಲಗಿ ಮೆಲುಕುಹಾಕಬೇಕಾದ ಪ್ರಾಣಿಯು ನಿಂತೇ ಇದ್ದರೆ ಗೊರಸು ಕೆಡುವುದು. ಸಿಮೆಂಟಿನ ನೆಲವನ್ನು ನುಣುಪುಮಾಡಿ ಶೋಭೆಯೆಂದು ಭಾವಿಸುವವರೂ ಉಂಟು. ಹಸುವಿಗೆ ಅದು ಗಾಜಿನ ಮೇಲಿನ ನಡಿಗೆ. ನೆಲಕ್ಕೆ ಗೀರುಗಳನ್ನು ಹಾಕಿಸಬೇಕು, ಇಲ್ಲವೆ ರಬ್ಬರಿನ ಹಾಸನ್ನು ಹರಡಬೇಕು. ಗೊರಸು ತಿಂಗಳಿಗೆ ಅರ್ಧ ಸೆಂಟಿಮೀಟರಿನಷ್ಟು ಬೆಳೆಯುವುದು. ಮೇಯಲು ಹೋಗದೆ ಕಟ್ಟಿದಲ್ಲಿಯೇ ಇರುವ ಮಿಶ್ರತಳಿಯ ಹಸುವಿನಲ್ಲಿ ಅದು ಸವೆಯದೆ ಮುಂದಕ್ಕೆ ಚಾಚಿಕೊಳ್ಳುವುದು, ತಿಳಿದವರಿಂದ ಕತ್ತರಿಸಬೇಕು. ಹಾಲಿನ ಆಸೆಯಿಂದ ಹಿಂಡಿ ಕಾಳುಗಳನ್ನು ಅತಿಯಾಗಿ ತಿನ್ನಿಸಿ ಹುಲ್ಲನ್ನು ಕಡಮೆ ಮಾಡಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಅದರ ಫಲವು ಗೊರಸಿನ ಒಳಗೆ ನೋವಾಗಿ ಕಾಣಿಸಿಕೊಳ್ಳುವುದು. ಕುಂಟುವ ಹಸು ಕಡಮೆ ತಿನ್ನುವುದು, ಕಡಮೆ ಕರೆಯುವುದು, ಬೆದೆಯನ್ನೂ ತೋರದು. ಕಡೆಗೆ ಮನೆಯವರು ಕಣ್ಣೀರಿಡುತ್ತಾ ಅದನ್ನು ಮಾರಬೇಕಾಗುವುದು. ಇಂತಹ ಹಲವು ಪ್ರಸಂಗಗಳಲ್ಲಿ ಮೂಲಕಾರಣವು ಕೆಚ್ಚಲಿನಲ್ಲಿರದೆ ಕಾಲಿನಲ್ಲಿರುವುದು.

ಗುರುತುಗಳು ಸುಲಭವಾದುವು. ಸುಖವಾಗಿ ನಡೆಯುವ ಹಸುವಿನ ಬೆನ್ನು ಹಲಗೆಯಂತೆ ಸಮನಾಗಿರುವುದು. ನಡೆಯುವಾಗ ಬೆನ್ನು ಕಮಾನಾದರೆ ನೋವು ಮೊದಲಾಗಿದೆಯೆಂದು ತಿಳಿಯಬೇಕು. ನಿಂತಾಗಲೂ ಕಮಾನಾಗಿದ್ದರೆ ನೋವು ಬಲಿತಿದೆ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲನ್ನು ಊರುವಾಗ ತಲೆ ಮೇಲಕ್ಕೆ ಏಳುವುದು, ಒಳ್ಳೆಯ ಕಾಲನ್ನು ಊರುವಾಗ ಕೆಳಕ್ಕೆ ಇಳಿಯುವುದು. ಹಿಂಗಾಲಿನಲ್ಲಿದ್ದರೆ ಹೆಜ್ಜೆ ಗಿಡ್ಡವಾಗಿ, ಹಿಂಗಾಲಿನ ಗುರುತು ಮುಂಗಾಲಿನ ಗುರುತನ್ನು ಮುಟ್ಟದೆ ಹಿಂದೆಯೇ ಉಳಿಯುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಗೊರಸನ್ನು ತೊಳೆದು ನೋಡಬೇಕು. ಬಿರುಕು, ಕಲ್ಲು, ಬಿಸಿ, ದುರ್ವಾಸನೆಗಳಿದ್ದರೆ ಪಶುವೈದ್ಯರಿಗೆ ತಿಳಿಸಬೇಕು.

ಇದಕ್ಕೆ ಯಂತ್ರ ಬೇಡ, ಹಣ ಬೇಡ. ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಜೊತೆಯಲ್ಲಿ ನಿಲ್ಲಿಸಿಕೊಂಡು ಕಲಿಸಿದರೆ ಎರಡು ದಿನಗಳಲ್ಲಿ ಎಲ್ಲರಿಗೂ ಬರುವ ವಿದ್ಯೆ ಇದು. ನಾಳೆಯ ಬೆಳಗ್ಗೆ ಹಾಲು ಕರೆದಾದಮೇಲೆ ಹಸುವಿನ ಹಗ್ಗವನ್ನು ಬಿಚ್ಚಿ, ಸಮನಾದ ನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿರಿ. ಪಕ್ಕದಲ್ಲಿ ನಿಂತು ಬೆನ್ನನ್ನು ಒಮ್ಮೆ, ತಲೆಯನ್ನು ಒಮ್ಮೆ, ಹೆಜ್ಜೆಯ ಗುರುತನ್ನು ಒಮ್ಮೆ ನೋಡಿರಿ. ವಾರಕ್ಕೊಂದು ಬಾರಿ ಇಷ್ಟನ್ನು ಮಾಡಿದರೆ ಸಾಕು.